ಸರಸ್ವತಿಯ ಮನೆಯಲ್ಲಿ ಪಂಕ್ತಿಭೇದವೇಕೆ?

ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಭಾಗದ ಸಾಹಿತ್ಯಾಸಕ್ತರ ಸಣ್ಣ ಕೂಟವೊಂದರಲ್ಲಿ ಒಂದು ಸೂಚನೆಯು ವಿಚಾರಕ್ಕೆ ಬಂದಿತು. ಅಡಕೆಯ ಕೊಯ್ಲಿನ ಗಡಿಬಿಡಿ ಮುಗಿದ ತರುವಾಯ ಮೂರು ಸಂಜೆಗಳನ್ನು ಗೊತ್ತುಮಾಡಿ, ಒಂದರಲ್ಲಿ ಹಳೆಯ ಕನ್ನಡ ಪ್ರಬಂಧಗಳನ್ನು ಓದುವುದು, ಮತ್ತೊಂದರಲ್ಲಿ ಒಂದು ಕಲಾತ್ಮಕ ಚಲಚ್ಚಿತ್ರವನ್ನು ನೋಡುವುದು, ಮೂರನೆಯದರಲ್ಲಿ ಜನಪ್ರಿಯ ಚಿತ್ರಗೀತೆಗಳ ಗುಣದೋಷಗಳನ್ನು ವಿಚಾರಿಸುವುದು. ಇಷ್ಟೇ ಆ ಸೂಚನೆ. ಇದರಲ್ಲಿ ಯಾರಿಗೂ ನೋವಾಗುವಂಥದು ಏನೂ ಇಲ್ಲವೆಂದು ನಾನು ಭಾವಿಸಿದ್ದೆನು. ನನ್ನ ಎಣಿಕೆಯು ತಪ್ಪಿತು.

ವಯೋವೃದ್ಧರೂ ವಿದ್ಯಾವೃದ್ಧರೂ ಆದ ಒಬ್ಬರು ಎದ್ದು, ಪ್ರಬಂಧದ ಓದು ಯೋಗ್ಯವಾದುದೇ, ಪರಂತು ಚಿತ್ರಗೀತೆಯನ್ನು ಅದರ ಸಾಲಿನಲ್ಲಿ ಕುಳ್ಳಿರಿಸುವುದು ಸಾಹಿತ್ಯಕ್ಕೆ ಮಾಡುವ ಅವಮಾನವೆಂದರು. ಮತ್ತೊಬ್ಬರು, ಕಲಾತ್ಮಕ ಚಿತ್ರಗಳೆಂಬುವು ಪ್ರಶಸ್ತಿಯ ಆಸೆಯಿಂದ ನಮ್ಮ ಸಮಾಜದ ಕೊಳೆಯನ್ನು ಊರ ಮುಂದೆ ಹರಡುವ ಉದ್ಯೋಗವೆಂದೂ, ಅವುಗಳನ್ನು ನೋಡಲು ನಿದ್ರೆ ಬಾರದವರೇ ಬೇಕೆಂದೂ ಹೇಳಿದರು. ತರುಣರೊಬ್ಬರು, ಪ್ರಬಂಧವು ಸತ್ತು ಬಹು ಕಾಲವಾಯಿತು, ಕಲಾಚಿತ್ರವನ್ನು ಯಾರೂ ನೋಡುವುದಿಲ್ಲ, ಲಕ್ಷ ಜನರು ಮೆಚ್ಚಿದುದೇ ಸಂಸ್ಕೃತಿ, ಉಳಿದುದು ಪಂಡಿತರ ಹರಟೆಯೆಂದು ಮುಗಿಸಿದರು. ಸೂಚನೆಯು ಅಲ್ಲಿಯೇ ಬಿದ್ದುಹೋಯಿತು. ನಾನು ಸಭೆಯಲ್ಲಿ ಬಾಯಿ ತೆರೆಯಲಿಲ್ಲ. ಎದ್ದು ವಾದಿಸುವ ಚಟುವಟಿಕೆ ಈ ವಯಸ್ಸಿಗೆ ಉಳಿದಿಲ್ಲ. ಆದರೆ ಮನೆಗೆ ಬಂದ ಮೇಲೆ ಆ ಮೌನವು ನನ್ನನ್ನು ಸುಮ್ಮನಿರಗೊಡಲಿಲ್ಲ. ಆದುದರಿಂದ ವಾಚಕ ಮಹಾಶಯರ ಮುಂದೆ ಈ ಅರಿಕೆ.

ಆ ಮೂವರೂ ಒಬ್ಬರನ್ನೊಬ್ಬರು ಒಪ್ಪಲಿಲ್ಲ. ಆದರೂ ಒಂದು ಮಾತಿನಲ್ಲಿ ಮೂವರೂ ಏಕಾಭಿಪ್ರಾಯದವರು. ಸರಸ್ವತಿಯ ಮನೆಯಲ್ಲಿಯೂ ಪಂಕ್ತಿಗಳುಂಟು. ಒಂದು ಪಂಕ್ತಿಯವರು ಮತ್ತೊಂದು ಪಂಕ್ತಿಯಲ್ಲಿ ಕೂಡಲಾಗದು. ಯಾವ ಪಂಕ್ತಿಯು ಮೇಲೆಂಬುದರಲ್ಲಿ ಮಾತ್ರ ವಿವಾದ. ನಮ್ಮ ಮನೆಗಳ ಊಟದಲ್ಲಿ ಪಂಕ್ತಿಭೇದವು ಹೇಗಿದ್ದಿತೆಂಬುದನ್ನು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಒಬ್ಬನ ಎಲೆಗೆ ತುಪ್ಪ, ಪಕ್ಕದವನ ಎಲೆಗೆ ಮಜ್ಜಿಗೆ. ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳ. ಕೆಲವರಿಗೆ ಪಂಕ್ತಿಯೇ ಇಲ್ಲ. ಊಟದಲ್ಲಿ ಆ ಪದ್ಧತಿಯನ್ನು ತಕ್ಕಮಟ್ಟಿಗೆ ಬಿಟ್ಟಿದ್ದೇವೆಂದು ಹೆಮ್ಮೆಪಡುವ ನಾವು, ಓದಿನಲ್ಲಿಯೂ ನೋಟದಲ್ಲಿಯೂ ಅದನ್ನೇ ಭದ್ರವಾಗಿ ಇಟ್ಟುಕೊಂಡಿದ್ದೇವೆ. ಇದು ಅನ್ಯಾಯವೆಂಬುದೇ ನನ್ನ ಪಕ್ಷ. ಕೃತಿಯನ್ನು ಅದರ ಪಾಕದಿಂದ ಅಳೆಯಬೇಕಲ್ಲದೆ ಅದು ಕುಳಿತ ಪಂಕ್ತಿಯಿಂದಲ್ಲ.

ಮೊದಲು ಶಾಸ್ತ್ರದ ಹೆಸರಿನಲ್ಲಿ ಆಕ್ಷೇಪಿಸುವವರಿಗೆ ಉತ್ತರ. ನಾನು ಏಳು ವರ್ಷ ಸಂಸ್ಕೃತ ಪಾಠಶಾಲೆಯ ಅನ್ನ ಉಂಡವನು. ಶಾಸ್ತ್ರವನ್ನು ಹಗುರವಾಗಿ ಕಾಣುವವನಲ್ಲ. ಆದರೆ ಶಾಸ್ತ್ರವು ಏನು ಹೇಳುತ್ತದೆ? ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ನಾಟ್ಯದ ಹುಟ್ಟಿನ ಕಥೆಯಿದೆ. ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದುದು ಮತ್ತೊಂದು ಶಾಸ್ತ್ರಗ್ರಂಥವನ್ನಲ್ಲ. ಕಣ್ಣಿಗೂ ಕಿವಿಗೂ ಒದಗುವ ಒಂದು ಆಟದ ವಸ್ತುವನ್ನು. ವೇದವನ್ನು ಕೇಳುವ ಅಧಿಕಾರವಿಲ್ಲದವರಿಗೂ ದೊರೆಯತಕ್ಕ, ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೊಂದು ಬೇಕೆಂಬುದು ಅವರ ಬೇಡಿಕೆ. ಬ್ರಹ್ಮನು ಋಗ್ವೇದದಿಂದ ಪಾಠ್ಯವನ್ನೂ, ಸಾಮದಿಂದ ಗೀತವನ್ನೂ, ಯಜುಸ್ಸಿನಿಂದ ಅಭಿನಯವನ್ನೂ, ಅಥರ್ವದಿಂದ ರಸವನ್ನೂ ತೆಗೆದು ನಾಟ್ಯವೇದವನ್ನು ರಚಿಸಿದನೆಂದು ಕಥೆ. ಎಂದಮೇಲೆ, ಎಲ್ಲರಿಗೂ ಪ್ರಿಯವಾಗುವುದೇ ಅದರ ಜನ್ಮಕಾರಣ. ಜನಪ್ರಿಯತೆಯು ಕಲೆಗೆ ಅಂಟಿದ ಮೈಲಿಗೆಯೆಂಬ ಮಾತು ಭರತನದಲ್ಲ. ಅದು ನಮ್ಮ ಸ್ವಂತ ಸಂಪಾದನೆ.

ಪ್ರಬಂಧವೆಂಬ ಶಬ್ದವನ್ನಾದರೂ ವಿಚಾರಿಸೋಣ. ಸಂಸ್ಕೃತದಲ್ಲಿ ಅದಕ್ಕೆ ಚೆನ್ನಾಗಿ ಬಂಧಿಸಿದ ರಚನೆಯೆಂದಿಷ್ಟೇ ಅರ್ಥ. ಕಾವ್ಯವೂ ಪ್ರಬಂಧವೇ, ನಾಟಕವೂ ಪ್ರಬಂಧವೇ. ಫ್ರಾನ್ಸಿನ ಮಾಂಟೇನನು 1580ರಲ್ಲಿ ತನ್ನ ಬರಹಗಳಿಗೆ ‘ಪ್ರಯತ್ನ’ವೆಂಬರ್ಥದ ವಿನಯದ ಹೆಸರನ್ನಿಟ್ಟು ಪ್ರಕಟಿಸಿದನು. ಇಂಗ್ಲಿಷಿನಲ್ಲಿ ಚಾರ್ಲ್ಸ್ ಲ್ಯಾಂಬನು ಆ ಮಾತಿಗೆ ಮನೆಮಾತಿನ ಸಲಿಗೆಯನ್ನು ತಂದನು. ನಮ್ಮಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’ 1930ರಲ್ಲಿಯೂ, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿಯೂ, ಮೂರ್ತಿರಾಯರ ‘ಹಗಲುಗನಸುಗಳು’ 1937ರಲ್ಲಿಯೂ ಬಂದುವು. ಇವು ಬಂದಾಗ ಮಹಾಕಾವ್ಯವನ್ನೇ ಸಾಹಿತ್ಯವೆಂದು ಎಣಿಸಿದವರಿಗೆ ಇವು ಜಗಲಿಯ ಹರಟೆಯಾಗಿಯೇ ಕಂಡಿರಬೇಕು. ಇಂದು ಅವೇ ಪಠ್ಯಪುಸ್ತಕದ ಮುಂದಿನ ಮಣೆಯಲ್ಲಿ ಕುಳಿತಿವೆ. ನಿನ್ನೆಯ ಹರಟೆಯು ಇಂದಿನ ಅಭಿಜಾತ ಸಾಹಿತ್ಯ. ಹಾಗಿರುವಲ್ಲಿ ಇಂದಿನ ಹಾಡನ್ನು ಕೇಳದೆಯೇ ಹೊರಗಟ್ಟಲು ನಮಗೇನು ಅಧಿಕಾರ?

ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಯಕ್ಷಗಾನ. ನಾನು ಪಾಠಶಾಲೆಯಲ್ಲಿದ್ದಾಗ ರಾತ್ರಿಯ ಆಟ ನೋಡಿ ಬೆಳಗ್ಗೆ ತೂಕಡಿಸಿದ ಹುಡುಗರಿಗೆ ಶಿಕ್ಷೆಯಿದ್ದಿತು. ತೂಕಡಿಸಿದುದಕ್ಕಲ್ಲ, ಆಟ ನೋಡಿದುದಕ್ಕೆ. ಅದೇ ಯಕ್ಷಗಾನವನ್ನು ಕುರಿತು ಶಿವರಾಮ ಕಾರಂತರು ಬರೆದ ‘ಯಕ್ಷಗಾನ ಬಯಲಾಟ’ಕ್ಕೆ ಅದಕ್ಕೆ ಮುಂಚೆಯೇ, 1959ರಲ್ಲಿಯೇ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದ್ದಿತು. ಹೊನ್ನಾವರದ ಕಡೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವು ದೇಶಾಂತರಗಳಲ್ಲಿ ಹೆಸರು ಪಡೆಯಿತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಈಗ ನಮ್ಮ ವಿದ್ಯಾವಂತ ಕುಟುಂಬಗಳು ಯಕ್ಷಗಾನವನ್ನು ಶಾಸ್ತ್ರೀಯವೆಂದು ಕೊಂಡಾಡುತ್ತವೆ. ಆಟವು ಬದಲಾಯಿತೆ? ಸ್ವಲ್ಪ ಬದಲಾಗಿರಬಹುದು. ಬಹುಮಟ್ಟಿಗೆ ಬದಲಾದುದು ನಾವು ಅದಕ್ಕೆ ಕೊಟ್ಟ ಮಣೆ.

ಇನ್ನು, ಕಲಾತ್ಮಕ ಚಿತ್ರಗಳು ನಮ್ಮ ಸಮಾಜದ ಮಾನ ಕಳೆದುವೆಂಬ ಎರಡನೆಯ ಆಕ್ಷೇಪಣೆ. ಇದಕ್ಕೆ ಉತ್ತರ ಹೇಳುವುದಕ್ಕೆ ಮೊದಲು ನನ್ನ ಮನೆಯ ಒಂದು ಮಾತನ್ನು ಹೇಳಬೇಕಾಗಿದೆ. ಹೇಳಲು ಸಂಕೋಚವಿದೆ, ಆದರೆ ಅದನ್ನು ಬಿಟ್ಟರೆ ನನ್ನ ವಾದವು ಬರಿಯ ತರ್ಕವಾಗುತ್ತದೆ.

ನನ್ನ ಅಜ್ಜನಿಗೆ ಒಬ್ಬಳು ತಂಗಿಯಿದ್ದಳು. ಮನೆಯವರೆಲ್ಲರೂ ಅವಳನ್ನು ದೊಡ್ಡತ್ತೆಯೆಂದು ಕರೆಯುತ್ತಿದ್ದರು. ಹನ್ನೊಂದನೆಯ ವಯಸ್ಸಿನಲ್ಲಿ ವಿಧವೆಯಾಗಿ ತವರಿಗೆ ಬಂದವಳು ಕೊನೆಯವರೆಗೂ ಮತ್ತಿಘಟ್ಟದ ಆ ಮನೆಯಲ್ಲಿಯೇ ಇದ್ದಳು. ಬೋಳಿಸಿದ ತಲೆ, ಕೆಂಪು ಸೀರೆ, ಮಡಿ, ಒಪ್ಪೊತ್ತಿನ ಊಟ. ಮನೆಯ ಅಡಿಗೆಯೆಲ್ಲ ಅವಳ ಕೈಯದು. ಎಲ್ಲರ ಪಂಕ್ತಿಯೂ ಎದ್ದ ಮೇಲೆ ಒಲೆಯ ಮಗ್ಗುಲಲ್ಲಿ ಅವಳೊಬ್ಬಳ ಎಲೆ. ಯಾರೂ ಅವಳನ್ನು ಬೈದುದನ್ನು ನಾನು ಕಂಡಿಲ್ಲ. ಯಾರೂ ಅವಳ ಸಂಗಡ ಕುಳಿತು ಉಂಡುದನ್ನೂ ಕಂಡಿಲ್ಲ. ಶುಭಕಾರ್ಯಕ್ಕೆ ಹೊರಟವರು ಅವಳು ಎದುರಾಗದಂತೆ ನೋಡಿಕೊಳ್ಳುತ್ತಿದ್ದರು, ಅವಳೂ ನೋಡಿಕೊಳ್ಳುತ್ತಿದ್ದಳು.

ಅಡಕೆ ಸುಲಿಯುವ ರಾತ್ರಿಗಳಲ್ಲಿ ದೀಪದ ಸುತ್ತಲೂ ಮೆಟ್ಟುಗತ್ತಿಗಳನ್ನಿಟ್ಟುಕೊಂಡು ಹತ್ತಾರು ಜನರು ಕೂಡುತ್ತಿದ್ದರು. ನಿದ್ದೆ ಬಾರದಿರಲೆಂದು ನನ್ನಿಂದ ಏನಾದರೂ ಓದಿಸುವುದು ರೂಢಿ. ಒಂದು ರಾತ್ರಿ ಹಳ್ಳಿಯ ಬಾಳನ್ನು ಕುರಿತ ಒಂದು ಲಲಿತ ಪ್ರಬಂಧವನ್ನು ಓದಿದೆನು. ಕೆರೆ, ಜಾತ್ರೆ, ಜುಗ್ಗ ಸಾಹುಕಾರ, ತಂಟೆಯ ಎತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿ ಸುಲಿಯುತ್ತಿದ್ದ ದೊಡ್ಡತ್ತೆಯೂ ನಕ್ಕಳು. ಓದು ಮುಗಿದು ಜನರು ಏಳುತ್ತಿರುವಾಗ ಅವಳು ಮೆಲ್ಲನೆ ಕೇಳಿದಳು: “ಆ ಊರಲ್ಲಿ ಯನ್ನಂಥವು ಯಾರೂ ಇಲ್ಯನ, ತಮಾ?”

ನಾನು ಪುಸ್ತಕವನ್ನು ತಿರುವಿ ನೋಡಿ, ಇಲ್ಲವೆಂದೆನು. ಅವಳು ಏನೂ ಹೇಳದೆ ಸಿಪ್ಪೆಯನ್ನು ಬುಟ್ಟಿಗೆ ತುಂಬತೊಡಗಿದಳು. ಆ ಲೇಖಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅವರಿಗೆ ಅನ್ಯಾಯವಾದೀತು. ಪ್ರಬಂಧವು ಒಂದು ಕಿಟಕಿ. ಯಾವ ಕಿಟಕಿಯೂ ಅಂಗಳವನ್ನೆಲ್ಲ ತೋರಿಸಲಾರದು. ಪರಂತು ನಮ್ಮ ಹಳ್ಳಿಯ ಸೊಗಸನ್ನು ಆ ಒಂದೇ ಕಿಟಕಿಯಿಂದ ನೋಡಿ, ಅಂಗಳವೆಲ್ಲ ಅಷ್ಟೇ ಎಂದು ನಾವು ನಂಬಿದುದು ನಮ್ಮ ತಪ್ಪು.

ಅದೇ ಕಾಲದಲ್ಲಿ ನಮ್ಮ ಮನೆಗೆ ಟ್ರಾನ್ಸಿಸ್ಟರ್ ಬಂದಿತು. ಜಗಲಿಯ ಗಿಳಿಗೂಟಕ್ಕೆ ಅದನ್ನು ತೂಗುಹಾಕಿ ಧಾರವಾಡ ಆಕಾಶವಾಣಿಯ ವಾರ್ತೆಯನ್ನು ಹಿರಿಯರು ಕೇಳುವರು. ವಾರ್ತೆ ಮುಗಿದು ಚಿತ್ರಗೀತೆಗಳು ಬಂದರೆ ಹಿರಿಯರ ಮುಖ ಗಂಟಿಕ್ಕುವುದು; ಆದರೂ ಹುಡುಗರ ಹಟಕ್ಕೆ ನಾಲ್ಕು ಹಾಡುಗಳ ವಿನಾಯಿತಿ. ಅದರಲ್ಲಿ ಮಗುವನ್ನು ತೂಗುವ ತಾಯಿಯ ಹಾಡೊಂದು ಆಗಾಗ ಬರುತ್ತಿತ್ತು. ಅದು ಬಂದಾಗ ಒಳಗೆ ಈಳಿಗೆಯ ಸದ್ದು ನಿಲ್ಲುತ್ತಿತ್ತು. ಮಗುವನ್ನು ಎಂದೂ ತೂಗದ ದೊಡ್ಡತ್ತೆಯು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಹಾಡು ಮುಗಿದರೆ ಮತ್ತೆ ಈಳಿಗೆಯ ಸದ್ದು. ಆ ಹಾಡಿನಲ್ಲಿ ಧ್ವನಿಯಿತ್ತೆ, ವಕ್ರೋಕ್ತಿಯಿತ್ತೆ ಎಂದು ನನ್ನನ್ನು ಕೇಳಿದರೆ, ಇರಲಿಲ್ಲವೆಂದೇ ಹೇಳಿಯೇನು. ಅದು ತೀರ ಸಾಧಾರಣವಾದ ಹಾಡು. ಆದರೆ ಆ ಮನೆಯಲ್ಲಿ ಅವಳೊಡನೆ ಮಾತನಾಡಿದುದು ಅದೊಂದೇ. ಇದನ್ನು ಕಂಡವನು ಚಿತ್ರಗೀತೆಗೆ ಸಾಹಿತ್ಯದ ಮನೆಯಲ್ಲಿ ಸ್ಥಳವಿಲ್ಲವೆಂದು ಹೇಗೆ ಒಪ್ಪಲಿ?

ದೊಡ್ಡತ್ತೆ ತೀರಿಕೊಂಡ ಹತ್ತು ಹನ್ನೆರಡು ವರ್ಷಗಳ ಮೇಲೆ ನಾನು ಹುಬ್ಬಳ್ಳಿಯ ಬಂಧುಗಳ ಮನೆಯಲ್ಲಿದ್ದೆನು. ಆಗ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ದೇಶಭಾಷೆಗಳ ಪ್ರಶಸ್ತಿ ಪಡೆದ ಚಿತ್ರಗಳನ್ನು ತೋರಿಸುತ್ತಿದ್ದರು. ಆ ದಿನ ಗಿರೀಶ ಕಾಸರವಳ್ಳಿಯವರು ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ ಮಾಡಿದ ‘ಘಟಶ್ರಾದ್ಧ’. ಮಲೆನಾಡಿನ ಅಗ್ರಹಾರ, ಉಡುಪರ ಮನೆಯೇ ವೇದಪಾಠಶಾಲೆ, ಓದಲು ಬಂದ ಎಳೆಯ ನಾಣಿ, ಅವನನ್ನು ದೊಡ್ಡ ಹುಡುಗರ ಕಾಟದಿಂದ ಕಾಯುವ, ಉಡುಪರ ವಿಧವೆ ಮಗಳು ಯಮುನಕ್ಕ. ಅವಳು ಗರ್ಭಿಣಿಯಾದಳೆಂಬುದು ಊರಿಗೆ ತಿಳಿದಾಗ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮಡಕೆಯೊಡೆದು ಅವಳನ್ನು ಜಾತಿಯಿಂದ ಹೊರಗಿಡುತ್ತಾನೆ. ಅತ್ತ ಆ ವೃದ್ಧ ತಂದೆಗೆ ಎಳೆಯ ಹುಡುಗಿಯೊಬ್ಬಳೊಡನೆ ಮದುವೆಯ ಮಾತು. ಇತ್ತ ತಲೆ ಬೋಳಿಸಿದ ಯಮುನಕ್ಕ ಮರದ ಕೆಳಗೆ ಒಬ್ಬಳೇ. ನಾಣಿಯು ತಿರುತಿರುಗಿ ನೋಡುತ್ತ ಊರು ಬಿಡುತ್ತಾನೆ.

ಅರ್ಧದಲ್ಲಿಯೇ ಆ ಮನೆಯ ಹಿರಿಯರು ಎದ್ದು, ಇದು ನಮ್ಮ ಮರ್ಯಾದೆ ತೆಗೆಯುವ ಚಿತ್ರವೆಂದು ಪೆಟ್ಟಿಗೆಯನ್ನು ಆರಿಸಲು ಹೋದರು. ಜೀವಮಾನದಲ್ಲಿ ಹಿರಿಯರ ಕೈಯನ್ನು ನಾನು ಹಿಡಿದುದು ಅದೊಂದೇ ಸಲ. ಏಕೆಂದರೆ ಆ ಬೆಳ್ಳಿತೆರೆಯ ಕಪ್ಪು ಬಿಳುಪಿನಲ್ಲಿ ನಾನು ಕಂಡುದು ನಮ್ಮ ಮರ್ಯಾದೆ ಹೋದುದನ್ನಲ್ಲ. ದೊಡ್ಡತ್ತೆಯ ಪ್ರಶ್ನೆಗೆ ಉತ್ತರವನ್ನು ಕಂಡೆನು. ಆ ಊರಿನಲ್ಲಿ ನಿನ್ನಂಥವರು ಇದ್ದರು, ದೊಡ್ಡತ್ತೆ. ನಾನು ನಾಣಿಯ ವಯಸ್ಸಿನಲ್ಲಿ ಪಾಠಶಾಲೆಯ ಹುಡುಗನಾಗಿ, ಕಂಡೂ ಕಾಣದವನಂತೆ ಇದ್ದೆನು, ಅಷ್ಟೇ.

ಮಾನ ಕಳೆಯಿತೆಂಬ ಕೂಗು ಹೊಸದಲ್ಲ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ವನ್ನು 1970ರಲ್ಲಿ ಮದರಾಸಿನ ಸೆನ್ಸಾರ್ ಮಂಡಲಿಯು ಮೊದಲು ತಡೆಯಿತು, ಅನಂತರ ಅದೇ ಚಿತ್ರಕ್ಕೆ ಸ್ವರ್ಣಕಮಲ ಬಂದಿತು. ಇದಕ್ಕೂ ಹಳೆಯ ಕೂಗು ಬೇಕಾದರೆ ಪುನಃ ಭರತನಲ್ಲಿಗೇ ಹೋಗಬೇಕು. ಜಗತ್ತಿನ ಮೊದಲನೆಯ ನಾಟಕದಲ್ಲಿ ದೈತ್ಯರ ಸೋಲನ್ನು ಆಡಿ ತೋರಿಸಿದರಂತೆ. ನಮ್ಮನ್ನು ಹೀನಾಯವಾಗಿ ತೋರಿಸಿದರೆಂದು ವಿರೂಪಾಕ್ಷನೇ ಮೊದಲಾದವರು ಸಿಟ್ಟಾಗಿ ನಟರ ಮಾತನ್ನೂ ಚಲನೆಯನ್ನೂ ಸ್ತಂಭನಗೊಳಿಸಿದರು. ಆಗ ಬ್ರಹ್ಮನು ಅವರನ್ನು ಕರೆದು ಸಮಾಧಾನಪಡಿಸಿದನು: ಇದರಲ್ಲಿ ನಿಮ್ಮದೊಂದೇ ಇಲ್ಲ, ದೇವತೆಗಳದೊಂದೇ ಇಲ್ಲ, ಮೂರು ಲೋಕದ ಎಲ್ಲ ಭಾವಗಳ ಕೀರ್ತನವೇ ನಾಟ್ಯ, ಎಂದು ಅವನ ಮಾತಿನ ತಾತ್ಪರ್ಯ. ಕಲಾಚಿತ್ರವು ನಮ್ಮ ಕೊಳೆಯನ್ನು ಮಾತ್ರ ತೋರಿಸುತ್ತದೆಂದು ಸಿಟ್ಟಾಗುವ ಮಹನೀಯರು ತಾವು ಆ ಕಥೆಯಲ್ಲಿ ಯಾರ ಪಕ್ಷದಲ್ಲಿ ನಿಂತಿದ್ದೇವೆಂಬುದನ್ನು ಒಮ್ಮೆ ನೋಡಿಕೊಳ್ಳಬೇಕು. ಕೊಳೆಯಿದ್ದುದು ಮಾನಭಂಗವೆ, ಅದನ್ನು ತೋರಿಸಿದುದು ಮಾನಭಂಗವೆ?

ಚಿತ್ರಗಳು ನಿಧಾನವೆಂಬ ದೂರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆಲಾಪನೆಗೆ ಅರ್ಧ ತಾಸು ತಲೆದೂಗುವವರು, ಒಡ್ಡೋಲಗಕ್ಕೆ ರಾತ್ರಿಯ ನಿದ್ದೆಗೆಡುವವರು, ನಿಧಾನವನ್ನು ದೋಷವೆನ್ನಬಾರದು. ಏನನ್ನೂ ಕಾಣಿಸದ ನಿಧಾನವು ದೋಷ; ಅಂಥ ಕಲಾಚಿತ್ರಗಳೂ ಉಂಟು. ಮೌನವನ್ನೇ ಆಳವೆಂದು ಮಾರುವ ಚಿತ್ರವನ್ನು ನಾನು ಸಮರ್ಥಿಸಲು ಬಂದಿಲ್ಲ.

ಮೂರನೆಯದಾಗಿ, ಲಕ್ಷ ಜನರು ಮೆಚ್ಚಿದುದೇ ಸಂಸ್ಕೃತಿಯೆಂದ ತರುಣ ಮಿತ್ರರಿಗೆ ಒಂದು ಮಾತು. ತಾವು ಜನಪ್ರಿಯವನ್ನು ಎತ್ತಿ ಹಿಡಿಯುವಿರಿ, ಸಂತೋಷ. ಆದರೆ ಜನಪ್ರಿಯವೂ ಕಲಾತ್ಮಕವೂ ಬೇರೆಬೇರೆ ಮನೆಗಳಲ್ಲಿ ಹುಟ್ಟಿದವೆಂದು ತಿಳಿದಿರುವಿರಾ? ಇತಿಹಾಸವು ಹಾಗೆ ಹೇಳುವುದಿಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯು ಪುಟ್ಟಣ್ಣ ಕಣಗಾಲರ ಕೈಯಲ್ಲಿ ಜನರು ಮುಗಿಬಿದ್ದು ನೋಡಿದ ಚಿತ್ರವಾಯಿತು. ಅದೇ ಲೇಖಕಿಯ ‘ಫಣಿಯಮ್ಮ’, ಅದೂ ಒಬ್ಬ ಬಾಲವಿಧವೆಯ ಬಾಳೇ, ಪ್ರೇಮಾ ಕಾರಂತರ ಕೈಯಲ್ಲಿ 1983ರಲ್ಲಿ ಕಲಾತ್ಮಕ ಚಿತ್ರವಾಯಿತು. ಒಂದೇ ಲೇಖನಿ, ಎರಡು ಪಂಕ್ತಿ. ‘ಘಟಶ್ರಾದ್ಧ’ವು ಬಂದ 1977ರಲ್ಲಿಯೇ ‘ಸನಾದಿ ಅಪ್ಪಣ್ಣ’ವೂ ಬಂದಿತು, ಅದರಲ್ಲಿ ರಾಜಕುಮಾರರ ಪಾತ್ರಕ್ಕೆ ಶಹನಾಯಿ ನುಡಿಸಿದವರು ಸಾಕ್ಷಾತ್ ಬಿಸ್ಮಿಲ್ಲಾ ಖಾನರು. ಆ ನಾದವು ಯಾವ ಪಂಕ್ತಿಯದು? ಶರಾವತಿಯ ಮುಳುಗಡೆಯನ್ನು ಕುರಿತು ನಾ. ಡಿಸೋಜರು ಬರೆದ ಕಾದಂಬರಿಯು ‘ದ್ವೀಪ’ವೆಂಬ ಚಿತ್ರವಾದಾಗ ಅದಕ್ಕೆ ಹಣ ಹೂಡಿ ನಾಯಕಿಯಾಗಿ ನಟಿಸಿದವರು ಜನಪ್ರಿಯ ತಾರೆ ಸೌಂದರ್ಯ. ಕಾಸರವಳ್ಳಿಯವರ 2008ರ ‘ಗುಲಾಬಿ ಟಾಕೀಸ್’ ಎಂಬ ಕಲಾತ್ಮಕ ಚಿತ್ರದ ವಸ್ತುವಾದರೂ ಏನು? ವೈದೇಹಿಯವರ ಕಥೆಯಿಂದ ಬೆಳೆದ ಆ ಚಿತ್ರದ ನಾಯಕಿಯು ಕರಾವಳಿಯ ಒಬ್ಬ ಸೂಲಗಿತ್ತಿ. ಜನಪ್ರಿಯ ಸಿನಿಮಾದ ಹುಚ್ಚು ಅವಳಿಗೆ. ಜನಪ್ರಿಯವನ್ನು ಕುರಿತು ಇಷ್ಟು ಪ್ರೀತಿಯಿಂದ ವಿಚಾರಮಾಡಿದ ಜನಪ್ರಿಯ ಚಿತ್ರವೊಂದನ್ನು ತರುಣ ಮಿತ್ರರು ತೋರಿಸಲಿ.

ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ. ಗೋಕರ್ಣದ ಗೌರೀಶ ಕಾಯ್ಕಿಣಿಯವರು ಜೀವಮಾನವೆಲ್ಲ ವಿಚಾರಪೂರ್ಣ ಪ್ರಬಂಧಗಳನ್ನೂ ವಿಮರ್ಶೆಯನ್ನೂ ಬರೆದವರು. ಅವರ ಮಗ ಜಯಂತ ಕಾಯ್ಕಿಣಿಯವರು ‘ಬೊಗಸೆಯಲ್ಲಿ ಮಳೆ’ಯಂಥ ಪ್ರಬಂಧಗಳನ್ನು ಬರೆದರು, 2006ರ ‘ಮುಂಗಾರು ಮಳೆ’ಯ ತರುವಾಯ ನಾಡಿನ ತರುಣರ ಬಾಯಲ್ಲಿ ನಲಿದ ಚಿತ್ರಗೀತೆಗಳನ್ನೂ ಬರೆದರು, ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರಲ್ಲಿ ದಕ್ಷಿಣ ಏಷ್ಯದ ಸಾಹಿತ್ಯಕ್ಕಾಗಿ ಕೊಡುವ ಡಿ.ಎಸ್.ಸಿ. ಬಹುಮಾನ ಬಂದಿತು. ಈ ಒಬ್ಬ ಗೃಹಸ್ಥರು ನಮ್ಮ ಮನೆಗೆ ಊಟಕ್ಕೆ ಬಂದರೆ, ಪ್ರಬಂಧ ಬರೆದ ಕೈಗೆ ಒಳಗೆ ಎಲೆ ಹಾಕಿ, ಹಾಡು ಬರೆದ ಕೈಗೆ ಅಂಗಳದಲ್ಲಿ ಬಡಿಸೋಣವೆ?

ಇಲ್ಲಿಗೆ ಒಂದು ಶಂಕೆ ಏಳುತ್ತದೆ: ಹಾಗಾದರೆ ಎಲ್ಲವೂ ಸಮಾನವೆ? ಮೇಲು ಕೀಳೆಂಬುದೇ ಇಲ್ಲವೆ? ಇದೆ. ಇಲ್ಲವೆಂದು ನಾನು ಹೇಳಿದ್ದರೆ ನನ್ನ ಗುರುಗಳ ಅನ್ನಕ್ಕೆ ಎರಡು ಬಗೆದಂತೆ. ಮಮ್ಮಟನು ಕಾವ್ಯವನ್ನು ಉತ್ತಮ, ಮಧ್ಯಮ, ಅವರವೆಂದು ವಿಂಗಡಿಸಿದನು. ಆದರೆ ಗಮನಿಸಬೇಕಾದುದು ಇಷ್ಟು: ಅವನು ವಿಂಗಡಿಸಿದುದು ಪದ್ಯವನ್ನು ಒಂದೊಂದಾಗಿ ನೋಡಿ, ಯಾರು ಬರೆದರು, ಯಾವ ಭಾಷೆಯದು, ಯಾರು ಮೆಚ್ಚಿದರು ಎಂದು ನೋಡಿ ಅಲ್ಲ. ಅವನಿಗೂ ಹಿಂದೆ, ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಕಾವ್ಯದ ಆತ್ಮವು ಧ್ವನಿಯೆಂದು ಸಾಧಿಸಹೊರಟಾಗ ಮೊದಲು ಎತ್ತಿಕೊಂಡ ಉದಾಹರಣೆಗಳಲ್ಲಿ ಪ್ರಾಕೃತದ ಗಾಹೆಗಳಿವೆ. ಹಳ್ಳಿಯ ಹೆಂಗಸರ ಜಾಣ್ಮೆಯ ಮಾತುಗಳು. ಸಂಸ್ಕೃತದ ಅತ್ಯುನ್ನತ ಕಾವ್ಯಸಿದ್ಧಾಂತವು ತನ್ನ ಪ್ರಮಾಣಕ್ಕಾಗಿ ಸಂಸ್ಕೃತವಲ್ಲದ ಭಾಷೆಯ ಹೊಳೆದಡದ ಮಾತಿಗೆ ಕಿವಿಗೊಟ್ಟಿತು. ಆ ಆಚಾರ್ಯನಿಗಿಲ್ಲದ ಮಡಿಯು ನಮಗೇಕೆ?

ಆದುದರಿಂದ ನನ್ನ ಸಿದ್ಧಾಂತವಿದು. ಪ್ರಬಂಧವಾಗಲಿ, ಚಿತ್ರವಾಗಲಿ, ಹಾಡಾಗಲಿ, ಅದರ ಮುಂದೆ ಒಂದೇ ಪ್ರಶ್ನೆಯನ್ನಿಡೋಣ: ಇದು ನನಗೆ ಏನನ್ನಾದರೂ ಕಾಣಿಸಿತೆ, ಅಥವಾ ಕಾಣಬೇಕಾದುದರಿಂದ ಕಣ್ಣು ತಪ್ಪಿಸಲು ನೆರವಾಯಿತೆ? ತೋಟದ ಹಸುರನ್ನೂ ಅಜ್ಜಿಯ ಕೈಯಡುಗೆಯನ್ನೂ ಹೊಗಳಿ, ಆ ಅಜ್ಜಿಯು ಎಲ್ಲಿ ಕುಳಿತು ಉಂಡಳೆಂಬುದನ್ನು ಮರೆಸುವ ಪ್ರಬಂಧವು, ಎಷ್ಟು ಸುಂದರ ಗದ್ಯದಲ್ಲಿದ್ದರೂ, ಕೀಳೇ. ವಿಧವೆಯ ಕಣ್ಣೀರನ್ನು ನಾಯಕನ ಸಾಹಸಕ್ಕೆ ಮುನ್ನುಡಿಯಾಗಿ ಮಾತ್ರ ಬಳಸುವ ಜನಪ್ರಿಯ ಚಿತ್ರವೂ, ಹೊಡೆತ ಬಡಿತವನ್ನೇ ಪೌರುಷವೆಂದು ಮಕ್ಕಳಿಗೆ ಕಲಿಸುವ ಚಿತ್ರವೂ ಕೀಳೇ; ಲಕ್ಷ ಜನರ ಚಪ್ಪಾಳೆಯು ಅದನ್ನು ಎತ್ತಲಾರದು. ಬಡತನವನ್ನು ಪರದೇಶದ ಸಭೆಗಳಿಗೆ ತಕ್ಕಂತೆ ಅಲಂಕರಿಸಿ ಕಳುಹಿಸುವ ಕಲಾಚಿತ್ರವೂ ಕೀಳೇ. ಪದಕವು ಅದನ್ನು ಎತ್ತಲಾರದು.

ಈ ವಾದದಲ್ಲಿ ನನ್ನ ತಪ್ಪನ್ನೂ ಬಚ್ಚಿಡಲಾರೆನು. ಕಾಸರವಳ್ಳಿಯವರಿಗೆ ನಾಲ್ಕು ಬಾರಿ ಸ್ವರ್ಣಕಮಲ ಬಂದಿತೆಂದೂ, ಅವು ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ಗಳೆಂದೂ ನಾನು ವರ್ಷವರ್ಷವೂ ರಸಪ್ರಶ್ನೆಯ ಸ್ಪರ್ಧೆಗೆ ಮಕ್ಕಳಿಂದ ಉರುಹೊಡೆಸಿದ್ದೇನೆ. ಆ ನಾಲ್ಕರಲ್ಲಿ ಒಂದನ್ನಾದರೂ ಒಂದು ಶನಿವಾರ ಮಧ್ಯಾಹ್ನ ಶಾಲೆಯಲ್ಲಿ ತೋರಿಸುವ ಬುದ್ಧಿ ನನಗೆ ಬರಲಿಲ್ಲ. ಹೆಸರನ್ನು ಕಲಿಸಿದೆನು, ನೋಟವನ್ನು ಕಲಿಸಲಿಲ್ಲ. ವಿದ್ಯಾವಂತ ಕುಟುಂಬಗಳ ರೋಗವೂ ಇದೇ. ಅಭಿಜಾತ ಕೃತಿಗಳನ್ನು ಕಪಾಟಿನಲ್ಲಿ ಪೂಜಿಸುತ್ತೇವೆ, ಓದುವುದಿಲ್ಲ. ಕಲಾಚಿತ್ರವನ್ನು ಗೌರವಿಸುತ್ತೇವೆ, ನೋಡುವುದಿಲ್ಲ. ಚಿತ್ರಗೀತೆಯನ್ನು ಹಳಿಯುತ್ತೇವೆ, ಸ್ನಾನದ ಮನೆಯಲ್ಲಿ ಗುನುಗುತ್ತೇವೆ. 1977ರ ‘ಘಟಶ್ರಾದ್ಧ’ದ ಹಳೆಯ ಸುರುಳಿಯನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ಇಟಲಿಯ ವೆನಿಸ್ ನಗರದ ಚಿತ್ರೋತ್ಸವದಲ್ಲಿ ತೋರಿಸಿದರು. ಸಾಗರದಾಚೆಯವರು ಕುಳಿತು ನೋಡಿದ ಮಲೆನಾಡಿನ ಪಾಠಶಾಲೆಯನ್ನು, ಮಲೆನಾಡಿನ ಪಾಠಶಾಲೆಯಲ್ಲಿ ಓದಿದವರ ಮಕ್ಕಳು ನೋಡಿಲ್ಲ.

ಇದು ಹಳ್ಳಿಯಲ್ಲಿ ಆಗತಕ್ಕ ಕೆಲಸವಲ್ಲವೆಂದು ಯಾರೂ ಹೇಳಬಾರದು. ಸಾಗರ ತಾಲೂಕಿನ ಹೆಗ್ಗೋಡಿನವರೂ ನಮ್ಮಂತೆ ಅಡಕೆಯ ತೋಟದವರೇ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ತೆರೆದು ದೇಶವಿದೇಶಗಳ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿತು. ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದುದು, ಹಳ್ಳಿಗನಿಗೆ ಇಂಥದು ಅರ್ಥವಾಗದೆಂಬ ಮಾತನ್ನು ಅವರು ನಂಬದೆ ಇದ್ದುದರಿಂದ. ಆ ಕಾಲಕ್ಕೆ ಚಿತ್ರದ ಸುರುಳಿಯನ್ನೂ ಯಂತ್ರವನ್ನೂ ದೂರದಿಂದ ಹೊತ್ತು ತರಬೇಕಿತ್ತು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಫೋನಿದೆ. ಅಜ್ಜ ಜಗಲಿಯಲ್ಲಿ ಒಂದನ್ನು, ಸೊಸೆ ಅಡಿಗೆಮನೆಯಲ್ಲಿ ಒಂದನ್ನು, ಮೊಮ್ಮಗ ಕೋಣೆಯಲ್ಲಿ ಒಂದನ್ನು ನೋಡುತ್ತಾರೆ. ಹಿಂದೆ ಪಂಕ್ತಿಗಳಾದರೂ ಇದ್ದುವು. ಈಗ ಒಬ್ಬೊಬ್ಬರಿಗೆ ಒಂದೊಂದು ಕತ್ತಲೆಯಲ್ಲಿ ಒಂದೊಂದು ಎಲೆ. ಒಬ್ಬನು ಕಂಡುದನ್ನು ಮತ್ತೊಬ್ಬನು ಕೇಳುವುದಿಲ್ಲ. ಅಡಕೆ ಸುಲಿಯುವ ದೀಪದ ಸುತ್ತ ದೊಡ್ಡತ್ತೆಗೆ ಒಂದು ಪ್ರಶ್ನೆ ಕೇಳಲಾದರೂ ಎಡೆಯಿತ್ತು. ಇಂದು ಅವಳಂಥವಳು ಯಾರನ್ನು ಕೇಳಬೇಕು?

ಆದುದರಿಂದ ಬಿದ್ದುಹೋದ ಆ ಸೂಚನೆಯನ್ನು ನಾನು ಈ ಪುಟಗಳ ಮೂಲಕ ಪುನಃ ಮುಂದಿಡುತ್ತೇನೆ. ಮೂರು ಸಂಜೆಗಳು ನಡೆಯಲಿ. ಮೂರರಲ್ಲಿಯೂ ಅವೇ ಜನರು ಕೂಡಲಿ. ಪ್ರಬಂಧಕ್ಕೆ ಬಂದ ಹಿರಿಯರು ಹಾಡಿನ ಸಂಜೆಗೂ ಬರಲಿ, ಹಾಡಿಗೆ ಬಂದ ತರುಣರು ಪ್ರಬಂಧಕ್ಕೂ ಕುಳ್ಳಿರಲಿ. ನೋಡದೆ, ಓದದೆ, ಕೇಳದೆ ಯಾರೂ ಅಭಿಪ್ರಾಯ ಹೇಳಬಾರದೆಂಬುದೊಂದೇ ನಿಯಮವಿರಲಿ. ನೋಡಿದ ಮೇಲೆ ಹಳಿಯುವವರು ಧಾರಾಳವಾಗಿ ಹಳಿಯಲಿ. ಅವರಿಗೆ ಮೊದಲ ಮಾತನ್ನು ನಾನೇ ಬಿಟ್ಟುಕೊಡುತ್ತೇನೆ. ಸ್ಥಳವು ದೊರೆಯದಿದ್ದರೆ ಮತ್ತಿಘಟ್ಟದ ನಮ್ಮ ಮನೆಯ ಜಗಲಿಯು ಸಾಕಷ್ಟು ದೊಡ್ಡದಿದೆ.

ಹಾಗೆ ಕೂಡಿದ ದಿನ ಊಟವೂ ಅಲ್ಲಿಯೇ. ಹೆಂಗಸರು ಗಂಡಸರೆನ್ನದೆ, ಬಡಿಸುವವರೂ ಸೇರಿ, ಒಂದೇ ಪಂಕ್ತಿ. ಐವತ್ತು ವರ್ಷಗಳ ಹಿಂದೆ ಆ ಮನೆಯಲ್ಲಿ ಹಾಕಬೇಕಾಗಿದ್ದ ಒಂದು ಎಲೆಯ ಬಾಕಿ ನನ್ನ ಮೇಲಿದೆ.